ಕಾಗುಣಿತದ ಪದಗಳನ್ನು ಮಕ್ಕಳಿಗೆ ಓದಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮರ, ಸರ, ಬಳಪ ಎಂದು ಸಲೀಸಾಗಿ ಓದುವ ಮಗು ಹಾಲು, ಕಿವಿ, ಕೋತಿ ಬಂದ ಕೂಡಲೇ ತಡವರಿಸುತ್ತದೆ. ಅಕ್ಷರಕ್ಕೆ ಸ್ವರ ಸೇರುವ ಈ ಹಂತದಲ್ಲೇ ಎಷ್ಟೋ ಮಕ್ಕಳಿಗೆ ಓದು ಅಂದರೆ ಬೇಜಾರು ಶುರುವಾಗುತ್ತದೆ. ಹಾಗಾಗಬೇಕಾಗಿಲ್ಲ. ಐದರಿಂದ ಎಂಟು ವರ್ಷದ ಮಕ್ಕಳಿಗೆ ಓದಿಸುವ ಅಪ್ಪ ಅಮ್ಮಂದಿರು ಮತ್ತು ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕಾಗುಣಿತ ಒಪ್ಪಿಸುವುದು ಬೇರೆ, ಕಾಗುಣಿತ ಓದುವುದು ಬೇರೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಜಾಸ್ತಿ ತೊಂದರೆ ಆಗುವುದು.

ನನ್ನ ಮಗಳು ಕ ಕಾ ಕಿ ಕೀ ಪಟಪಟ ಹೇಳುತ್ತಾಳೆ. ಪದ ಕೊಟ್ಟರೆ ಮಾತ್ರ ಓದಲು ಬರುವುದಿಲ್ಲ. ಯಾಕೆ?

ಒಂದು ಚಿಕ್ಕ ಪರೀಕ್ಷೆ ಮಾಡಿ. ಖಾಲಿ ಹಾಳೆಯಲ್ಲಿ ಬರೀ 'ಕೂ' ಬರೆದು ಇದು ಏನು ಅಂತ ಕೇಳಿ. ತುಂಬಾ ಮಕ್ಕಳು ತುಟಿಯಲ್ಲೇ ಕ, ಕಾ, ಕಿ, ಕೀ, ಕು ಎಂದು ಮೊದಲಿಂದ ಎಣಿಸಿಕೊಂಡು ಬಂದು ಕೂ ಹತ್ತಿರ ನಿಲ್ಲುತ್ತಾರೆ. ಈಗ 'ಸೂ' ಬರೆದು ಕೇಳಿ. ಸ ಸಾಲು ಬಾಯಿಪಾಠ ಆಗಿರದಿದ್ದರೆ ಅಲ್ಲಿಗೆ ನಿಂತಿತು. ಅಂದರೆ ಮಗುವಿಗೆ ಸಾಲು ಗೊತ್ತು, ಚಿಹ್ನೆ ಗೊತ್ತಿಲ್ಲ.

ಇದು ಮಗುವಿನ ತಪ್ಪಲ್ಲ. ನಾವು ಕಲಿಸುವಾಗ ಅಡ್ಡಡ್ಡ ಕಲಿಸುತ್ತೇವೆ: ಒಂದೇ ವ್ಯಂಜನ, ಅದಕ್ಕೆ ಎಲ್ಲ ಸ್ವರ. ಅದರ ಬದಲು ಮೇಲಿಂದ ಕೆಳಗೆ ಕಲಿಸಿ. ಒಂದೇ ಸ್ವರ ಚಿಹ್ನೆ, ಅದನ್ನು ಗೊತ್ತಿರುವ ಎಲ್ಲ ಅಕ್ಷರಗಳ ಜೊತೆ: ಕಾ, ಗಾ, ಸಾ, ಮಾ, ಹಾ, ನಾ. ಆಗ ಬದಲಾಗುವುದು ಅಕ್ಷರ, ಬದಲಾಗದೆ ಉಳಿಯುವುದು ಇಳಿ, ಅಂದರೆ ಆಕಾರದ ಗುರುತು, ಮತ್ತು ಅದರ ಸದ್ದು. ಆ ಗೀಟಿಗೂ ಆ ಸದ್ದಿಗೂ ಇರುವ ನಂಟು ಮಗುವಿನ ಕಣ್ಣಿಗೆ ಬೀಳುವುದು ಆಗಲೇ.

ಲೆಕ್ಕ ಹಾಕಿ ನೋಡಿದರೂ ಇದೇ ಸರಿ. ನಮ್ಮಲ್ಲಿ 34 ವ್ಯಂಜನ, 13 ಸ್ವರ. ಗುಣಿಸಿದರೆ 442 ರೂಪ. ಸೊನ್ನೆ ಮತ್ತು ವಿಸರ್ಗ ಸೇರಿಸಿದರೆ 510. ಇಷ್ಟನ್ನೂ ಆರು ವರ್ಷದ ಮಗು ಬಾಯಿಪಾಠ ಮಾಡಬೇಕಾ? ಬೇಡ. 34 ಅಕ್ಷರ ಮತ್ತು 12 ಚಿಹ್ನೆ ಗೊತ್ತಿದ್ದರೆ ಉಳಿದದ್ದನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ.

ವರ್ಣಮಾಲೆ ಪೂರ್ತಿ ಮುಗಿದ ಮೇಲೆ ಕಾಗುಣಿತ ಶುರು ಮಾಡಬೇಕಾ?

ಬೇಡವೇ ಬೇಡ. 49 ಅಕ್ಷರ ಮುಗಿಯುವ ತನಕ ಕಾದರೆ ಮಗು ತಿಂಗಳುಗಟ್ಟಲೆ ಒಂದು ಪದವನ್ನೂ ಓದದೆ ಸುಮ್ನೆ ಅಕ್ಷರ ತಿದ್ದುತ್ತಾ ಕೂತಿರುತ್ತದೆ. ಞ, ಙ, ಝ ಎಲ್ಲಾ ಬಂದ ಮೇಲೆ ಓದು ಅನ್ನುವುದರಲ್ಲಿ ಅರ್ಥವಿಲ್ಲ, ಆ ಅಕ್ಷರಗಳಿರುವ ಪದ ಮಗುವಿನ ಪುಸ್ತಕದಲ್ಲಿ ಸಿಗುವುದೇ ಅಪರೂಪ.

ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ನೋಡಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ಅ ಆ ಇ ಈ ಎಂದು ಆರಂಭಿಸುವುದಿಲ್ಲ, ರ ಗ ಸ ದ ಅ ಎಂದು ಆರಂಭಿಸುತ್ತಾರೆ. ಐದೇ ಅಕ್ಷರ, ಆದರೆ ಸರ, ದರ, ರಸ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. ಗರಗಸ ಎಂದು ನಾಲ್ಕಕ್ಷರದ ಪದವನ್ನು ತಾನಾಗಿ ಓದಿದ ಮಗುವಿನ ಮುಖ ನೋಡಬೇಕು.

ಹತ್ತು ಹದಿನೈದು ವ್ಯಂಜನ ಗಟ್ಟಿಯಾಗಿ ಗುರುತು ಸಿಕ್ಕಿ, ಮರ, ನಗರ, ಕಮಲದಂಥ ಪದಗಳನ್ನು ಮಗು ಎಡವದೆ ಓದಿದರೆ ಮೊದಲ ಚಿಹ್ನೆಗೆ ಹೊತ್ತಾಯಿತು. ಉಳಿದ ವ್ಯಂಜನಗಳು ಜೊತೆಜೊತೆಗೇ ಬರಲಿ.

ಯಾವ ಚಿಹ್ನೆ ಮೊದಲು?

ಪುಸ್ತಕದ ಕ್ರಮ ಆ, ಇ, ಈ, ಉ, ಊ. ಆ ಕ್ರಮ ಹೇಳಿಕೊಳ್ಳಲು ಚೆನ್ನ, ಓದಿಸಲು ಅಷ್ಟು ಚೆನ್ನಲ್ಲ. ನಾನು ಹೇಳುವುದು ಇಷ್ಟು: ಮೊದಲು ಇಳಿ (ಕಾ), ಆಮೇಲೆ ಕೊಂಬು (ಕು). ಕನ್ನಡದ ಎಷ್ಟೊಂದು ಪದಗಳು ಉಕಾರದಲ್ಲಿ ಮುಗಿಯುತ್ತವೆ, ಗಮನಿಸಿದ್ದೀರಾ? ಬರೀ ಕಾ ಮತ್ತು ಕು ಎರಡೇ ಬಂದರೆ ಹಾಲು, ಕಾಲು, ಕಾಡು, ಹಾಡು, ಮಾತು, ಚಾಕು, ಕಡಲು, ಹಗಲು, ಸಾಕು, ಬಾ, ತಾ ಎಲ್ಲಾ ಓದಲು ಸಿಗುತ್ತವೆ. 'ಹಾಲು ಸಾಕು' ಅಂತ ಒಂದು ವಾಕ್ಯವೇ ಆಯಿತು.

ಮೂರನೆಯದು ಗುಡಿಸು (ಕಿ): ಇಲಿ, ಹುಲಿ, ಗಿಡ, ಕಿವಿ, ನವಿಲು, ಬಾಗಿಲು. ನಾಲ್ಕನೆಯದು ಎತ್ವ (ಕೆ): ಎಲೆ, ಆನೆ, ಮನೆ, ಮಳೆ, ಕುದುರೆ. ಈ ನಾಲ್ಕು ಗಟ್ಟಿಯಾದ ಮೇಲೆ ದೀರ್ಘಗಳು, ಅಂದರೆ ಕೀ, ಕೂ, ಕೇ. ಅವುಗಳ ಹಿಂದೆ ಕೊ ಮತ್ತು ಕೋ. ಕೊನೆಗೆ ಕೈ, ಕೌ, ಕೃ. ಸೊನ್ನೆಯನ್ನು ಮಾತ್ರ ಕೊನೆಯ ತನಕ ಇಟ್ಟುಕೊಳ್ಳಬೇಡಿ. ಮಂಗ, ಅಂಗಡಿ, ಹಂಸ ಮಕ್ಕಳಿಗೆ ಬೇಗ ಬೇಕಾಗುವ ಪದಗಳು, ಸೊನ್ನೆಯ ಆಕಾರವೂ ಸುಲಭ.

ಹೊಸ ಚಿಹ್ನೆಯನ್ನು ಪರಿಚಯ ಮಾಡುವುದು ಹೇಗೆ? ಒಂದು ಪಾಠ ಹೇಗಿರುತ್ತದೆ?

ಗುಡಿಸನ್ನೇ ತೆಗೆದುಕೊಳ್ಳೋಣ. ಮೊದಲು ಹಾಳೆ ಬೇಡ, ಕಿವಿ ಸಾಕು. ನೀವು 'ಮರ' ಅನ್ನಿ, ಆಮೇಲೆ 'ಮರಿ' ಅನ್ನಿ. ಎಲ್ಲಿ ಬದಲಾಯಿತು, ಮೊದಲಾ ಕೊನೆಯಾ? ಕೊನೆಯಲ್ಲಿ. ಏನು ಕೇಳಿಸಿತು? ಇ. ಹಾಗೇ ನರ, ನರಿ. ಸರ, ಸರಿ. ಗಡ, ಗಡಿ. ಎರಡು ನಿಮಿಷದಲ್ಲಿ ಮಗು 'ಕೊನೆಗೆ ಇ ಬಂತು' ಎಂದು ತಾನೇ ಹೇಳತೊಡಗುತ್ತದೆ. ಅದು ಕೇಳಿಸದ ಮಗುವಿಗೆ ಚಿಹ್ನೆ ತೋರಿಸಿ ಉಪಯೋಗವಿಲ್ಲ, ಇನ್ನೊಂದು ದಿನ ಬಾಯಲ್ಲೇ ಆಡಿಸಿ.

ಆಮೇಲೆ ಹಾಳೆ. 'ಮರ' ಬರೆಯಿರಿ. ಕೆಳಗೆ, ನೇರಕ್ಕೆ, 'ಮರಿ' ಬರೆಯಿರಿ. ಏನು ಬದಲಾಗಿದೆ ಎಂದು ಮಗುವೇ ಬೆರಳಿಟ್ಟು ತೋರಿಸಲಿ. ರ ಮೇಲಿದ್ದ ತಲಕಟ್ಟು ಹೋಗಿ ದುಂಡಗಿನ ಗುಡಿಸು ಬಂದಿದೆ. ತಲಕಟ್ಟು ಅಂದರೆ ಅಕಾರದ ಗುರುತು. ಅ ಹೋಯಿತು, ಇ ಬಂತು. ಇದನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿ, ದೊಡ್ಡ ವಿವರಣೆ ಬೇಡ. ಯಾಕೆಂದರೆ 'ಕು' ಬರೆದಾಗ ತಲಕಟ್ಟು ಅಲ್ಲೇ ಉಳಿಯುತ್ತದೆ, ಬ, ಲ, ಜ, ಟ ಅಕ್ಷರಗಳಿಗೆ ತಲಕಟ್ಟೇ ಇಲ್ಲ. ನಿಯಮ ಅಂತ ಹಿಡಿದುಕೊಂಡರೆ ಮಗು ನಾಳೆ ಗೊಂದಲಕ್ಕೆ ಬೀಳುತ್ತದೆ.

ಮೂರನೇ ಹೆಜ್ಜೆಯಲ್ಲಿ ಇಲಿ ಎಂಬ ಪದ ತುಂಬಾ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಇ ಎರಡು ಸಲ ಇದೆ: ಮೊದಲು ಅಕ್ಷರವಾಗಿ, ಕೊನೆಗೆ ಗುಡಿಸಾಗಿ. ಕಣ್ಣಿಗೆ ಎರಡಕ್ಕೂ ಏನೂ ಸಂಬಂಧ ಇಲ್ಲ, ಕಿವಿಗೆ ಎರಡೂ ಒಂದೇ. ಎಲೆ ಕೂಡ ಹಾಗೇ. ಉಗುರು, ಆಕಾಶ, ಓಡೋಣ ಇವೂ ಹಾಗೇ. ಸ್ವರ ಪದದ ಮೊದಲಲ್ಲಿ ಒಂಟಿಯಾಗಿ ನಿಂತರೆ ಒಂದು ರೂಪ, ವ್ಯಂಜನಕ್ಕೆ ಅಂಟಿಕೊಂಡರೆ ಇನ್ನೊಂದು ರೂಪ ಅನ್ನುವುದು ದೊಡ್ಡವರಿಗೆ ಎಷ್ಟು ರೂಢಿಯಾಗಿದೆ ಅಂದರೆ ಅದನ್ನು ಮಗುವಿಗೆ ಬಾಯಿಬಿಟ್ಟು ಹೇಳಬೇಕು ಎಂದೇ ನಮಗೆ ಹೊಳೆಯುವುದಿಲ್ಲ. ಹೇಳಿ. ಈ ಐದು ಪದಗಳನ್ನು ಗೋಡೆಗೆ ಅಂಟಿಸಿ.

ಕೊನೆಗೆ ಆ ದಿನವೇ ನಾಲ್ಕೈದು ಪದ, ಒಂದು ವಾಕ್ಯ ಓದಿಸಿ. 'ಗಿಳಿ ಬಾ' ಆದರೂ ಸರಿ. ಹೊಸ ಚಿಹ್ನೆಯನ್ನು ಮೊದಲ ವಾರ ಬೇರೆ ಬಣ್ಣದಲ್ಲಿ ಬರೆಯಬಹುದು. ಆಮೇಲೆ ಬಣ್ಣ ಬಿಟ್ಟುಬಿಡಿ, ಇಲ್ಲದಿದ್ದರೆ ಮಗು ಬಣ್ಣ ಓದಲು ಶುರು ಮಾಡುತ್ತದೆ.

'ಕ ಗುಡಿಸು ಕಿ, ಕ ಕೊಂಬು ಕು' ಅಂತ ಹೇಳಿಸಬೇಕಾ?

ಹೆಸರುಗಳು ಬೇಕು. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ (ಕೃ), ಎತ್ವ, ಓತ್ವ ಇವೆಲ್ಲ ಒಳ್ಳೆಯ ಹೆಸರುಗಳು. ಬರೆಯುವಾಗ 'ಗುಡಿಸು ಮರೆತೆ ನೋಡು' ಅಂದರೆ ಮಗುವಿಗೆ ಥಟ್ಟನೆ ಗೊತ್ತಾಗುತ್ತದೆ. ಆದರೆ ಓದುವಾಗ ಅದು ಬಾಯಲ್ಲಿ ಬರಬಾರದು. ಕಿವಿ ಎಂಬ ಪದವನ್ನು 'ಕ ಗುಡಿಸು ಕಿ, ವ ಗುಡಿಸು ವಿ' ಎಂದು ಓದಿದ ಮಗು ಕೊನೆಗೆ ಬರುವಷ್ಟರಲ್ಲಿ ಕಿ ಎಲ್ಲಿತ್ತು ಅನ್ನುವುದನ್ನೇ ಮರೆತಿರುತ್ತದೆ. ಹಾಗೆ ಓದುವ ರೂಢಿ ಈಗಾಗಲೇ ಬಿದ್ದಿದ್ದರೆ ಬೈಯಬೇಡಿ. 'ಹೆಸರು ಬೇಡ, ಸದ್ದು ಮಾತ್ರ ಹೇಳು' ಅನ್ನಿ. ದಿನವೂ ಹೀಗೆ ನೆನಪಿಸುತ್ತಿದ್ದರೆ ನಿಧಾನಕ್ಕೆ ಬಿಟ್ಟುಹೋಗುತ್ತದೆ.

ಹ್ರಸ್ವ ದೀರ್ಘ ಎರಡೂ ಒಂದೇ ಥರ ಓದುತ್ತಾನೆ. ಏನು ಮಾಡಲಿ?

ಇದಕ್ಕೆ ಅರ್ಥದಷ್ಟು ಒಳ್ಳೆಯ ಮದ್ದಿಲ್ಲ. ಬಲ, ಬಾಲ. ಹಳೆ, ಹಾಳೆ. ಬೆಳೆ, ಬೇಳೆ. ಬಿಡು, ಬೀಡು. ಕೊಡು, ಕೋಡು. ಕುಡಿ, ಕೂಡಿ. ನಡು, ನಾಡು. ಇಂಥ ಜೋಡಿ ಪದಗಳನ್ನು ಎರಡು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ನೀವು ಒಂದನ್ನು ಹೇಳಿ, ಮಗು ಆ ಚೀಟಿ ಎತ್ತಲಿ. ಆಮೇಲೆ ಅದು ಓದಲಿ, ನೀವು ಎತ್ತಿ. 'ನಾಯಿಯ ಬಲ' ಎಂದು ಓದಿದರೆ 'ನಾಯಿಯ ಶಕ್ತಿಯಾ, ನಾಯಿಯ ಬಾಲವಾ?' ಎಂದು ಕೇಳಿ. ಮಗು ತಾನೇ ಹಿಂದೆ ಹೋಗಿ ಇಳಿಯನ್ನು ನೋಡುತ್ತದೆ.

ಕೈಯನ್ನೂ ಬಳಸಿ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಮಾತ್ರೆ ಎಂದು ಛಂದಸ್ಸಿನಲ್ಲಿ ಹೇಳುತ್ತಾರಲ್ಲ, ಅದನ್ನೇ ಬೆರಳಿಗೆ ಇಳಿಸಿದರೆ ಆಯಿತು: ಹ್ರಸ್ವ ಬಂದಾಗ ಮೇಜಿನ ಮೇಲೆ ಒಂದು ಕುಟ್ಟು, ದೀರ್ಘ ಬಂದಾಗ ಬೆರಳನ್ನು ಎಳೆಯುವುದು.

ಇನ್ನೊಂದು ಗುಟ್ಟು ಲಿಪಿಯಲ್ಲೇ ಇದೆ. ಕಿ, ಕೆ, ಕೊ ಈ ಮೂರನ್ನೂ ದೀರ್ಘ ಮಾಡುವ ಗುರುತು ಒಂದೇ. ಕೀ, ಕೇ, ಕೋ ಪಕ್ಕಪಕ್ಕ ಬರೆದು ನೋಡಿ, ಬಲಗಡೆ ಅದೇ ಗುರುತು ಮೂರರಲ್ಲೂ ಕಾಣುತ್ತದೆ. 'ಇದು ಕಂಡರೆ ಎಳಿ' ಎಂದು ಒಂದು ಸಲ ತೋರಿಸಿಕೊಟ್ಟರೆ ಮೂರು ಚಿಹ್ನೆ ಒಟ್ಟಿಗೆ ಕಲಿತ ಹಾಗೆ. ಕಾ ಮತ್ತು ಕೂ ಮಾತ್ರ ಬೇರೆ ದಾರಿ ಹಿಡಿಯುತ್ತವೆ.

ಕೆ, ಕೊ, ಕೂ ಒಂದಕ್ಕೊಂದು ಅದಲುಬದಲಾಗುತ್ತವೆ.

ಆಗಲೇಬೇಕು, ಯಾಕೆಂದರೆ ಕೊ ಎಂಬುದರಲ್ಲಿ ಉಳಿದ ಎರಡೂ ಕೂತಿವೆ. ಮೇಲೆ ಕೆ ದಲ್ಲಿರುವ ಎತ್ವ, ಬಲಗಡೆ ಕೂ ದಲ್ಲಿರುವ ಗೀಟು. ಮೇಲಷ್ಟೇ ನೋಡಿದ ಮಗು 'ಕೆ' ಅನ್ನುತ್ತದೆ, ಪಕ್ಕ ಅಷ್ಟೇ ನೋಡಿದ ಮಗು 'ಕೂ' ಅನ್ನುತ್ತದೆ. ಅದಕ್ಕೇ ಕೆ ಮತ್ತು ಕೂ ಎರಡೂ ಗಟ್ಟಿಯಾಗುವ ತನಕ ಕೊ ತರಬೇಡಿ ಎಂದು ಹೇಳಿದ್ದು. ತಂದಾಗ 'ಮೇಲೂ ನೋಡು, ಪಕ್ಕವೂ ನೋಡು, ಎರಡೂ ಇದ್ದರೆ ಒ' ಎಂದು ಬೆರಳಿಟ್ಟು ತೋರಿಸಿ. ಸೆರೆ, ಸೂರು, ಸೊಪ್ಪು ಥರದ ಪದಗಳನ್ನು ಒಂದರ ಕೆಳಗೊಂದು ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಒತ್ತಕ್ಷರ ಇನ್ನೂ ಬಂದಿಲ್ಲದಿದ್ದರೆ ಸೊಪ್ಪಿನ ಬದಲು ಸೊಗಸು ಬರೆಯಿರಿ.

ಮ, ಯ, ವ, ಪ ಬಂದಾಗ ಮಾತ್ರ ಯಾಕೆ ತಪ್ಪುತ್ತಾಳೆ?

ತಪ್ಪುವುದು ಸಹಜ, ಈ ಅಕ್ಷರಗಳು ನಿಜವಾಗಿಯೂ ತೊಡಕಿನವು. ವ ಪಕ್ಕಕ್ಕೆ ಕೊಂಬು ಹಾಕಿದರೆ ಅದು ಮ ಆಗಿಬಿಡುತ್ತದೆ. ಹಾಗಾಗಿ ವು, ಪು, ಫು ಇವುಗಳಲ್ಲಿ ಕೊಂಬು ಪಕ್ಕಕ್ಕೆ ಬರದೆ ಕೆಳಗಿನಿಂದ ಬರುತ್ತದೆ. ಇತ್ತ 'ಮಿ' ನೋಡಿದರೆ 'ವಿ' ಪಕ್ಕ ಕೊಂಬು ಇಟ್ಟ ಹಾಗಿದೆ. ಮಿಂಚು ಎಂಬುದನ್ನು 'ವಿಂಚು' ಎಂದು ಓದುವ ಮಗು ಕಣ್ಣಿಗೆ ಕಂಡಿದ್ದನ್ನೇ ಓದುತ್ತಿದೆ. ಮೊ, ಮೋ, ಯೊ, ಯೋ ಕೂಡ ಕೊ, ಕೋ ಥರ ಕಾಣುವುದಿಲ್ಲ.

ಇವುಗಳಿಗೆ ಕಾರಣ ವಿವರಿಸುವುದಕ್ಕಿಂತ ಪದಗಳಲ್ಲಿ ಕಣ್ಣಿಗೆ ರೂಢಿ ಮಾಡಿಸುವುದೇ ಒಳ್ಳೆಯದು. ಹಾವು, ಹೂವು, ಪುಟ, ಮೀನು, ಮಿಡತೆ, ಮೊಲ, ಮೋಡ, ಯೋಧ. ಮೊಲ ಮತ್ತು ಮೋಡ ಮಕ್ಕಳ ಪುಸ್ತಕದಲ್ಲಿ ಹೇಗೂ ಬಂದೇ ಬರುತ್ತವೆ.

ಕೈ, ಮೌನ, ಮೃಗ ಇವುಗಳನ್ನು ಹೇಗೆ ಕಲಿಸುವುದು?

ಐ ಅಂದರೆ ಅ ಮತ್ತು ಇ ಬೆರೆತ ಸದ್ದು, ಔ ಅಂದರೆ ಅ ಮತ್ತು ಉ ಬೆರೆತ ಸದ್ದು. ನಿಧಾನಕ್ಕೆ ಹೇಳಿಸಿದರೆ ಬಾಯಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರುವುದು ಮಗುವಿಗೆ ಗೊತ್ತಾಗುತ್ತದೆ, ಕನ್ನಡಿ ಮುಂದೆ ನಿಲ್ಲಿಸಿದರೆ ಕಾಣುತ್ತದೆ ಕೂಡ. ಕೈ, ಮೈ, ಪೈರು, ಸೈನಿಕ, ಮೈದಾನ. ಮೌನ, ಚೌಕ, ಸೌತೆ, ನೌಕೆ. ಬರೆಯುವಾಗ ಕೈ ಬದಲು 'ಕಯ್' ಅಂತಲೂ, ಸೌತೆ ಬದಲು 'ಸವ್ತೆ' ಅಂತಲೂ ಬರೆದರೆ ಖುಷಿಪಡಿ. ಕಿವಿ ಸರಿಯಾಗಿ ಕೆಲಸ ಮಾಡಿದೆ, ಇನ್ನು ಚಿಹ್ನೆ ಕೊಟ್ಟರೆ ಸಾಕು. ಕೃ ವಿಷಯವೂ ಅದೇ. ನಾವು 'ಕ್ರು' ಎಂದೇ ಹೇಳುತ್ತೇವೆ, ಮಗು ಹಾಗೇ ಬರೆಯುತ್ತದೆ. ಮೃಗ, ಗೃಹ, ಕೃಷಿ ಎಂದು ಮೂರು ನಾಲ್ಕು ಪದ ಪರಿಚಯವಾದರೆ ಸದ್ಯಕ್ಕೆ ಸಾಕು.

ಅಕ್ಷರ ಅಕ್ಷರ ಸರಿಯಾಗಿ ಓದುತ್ತಾನೆ, ಪದ ಏನು ಅಂದರೆ ಸುಮ್ಮನಾಗುತ್ತಾನೆ.

ಗು... ಲಾ... ಬಿ... ಎಂದು ಒಂದೊಂದಕ್ಕೂ ನಡುವೆ ಉಸಿರು ಬಿಟ್ಟರೆ ಪದ ಕೂಡುವುದೇ ಇಲ್ಲ. 'ಎಳೆದು ಎಳೆದು ಓದು' ಎಂಬ ಸಲಹೆ ಕೊಡುವವರಿದ್ದಾರೆ. ಕನ್ನಡದಲ್ಲಿ ಅದನ್ನು ಮಾಡಬೇಡಿ. ಎಳೆದರೆ ಹ್ರಸ್ವ ದೀರ್ಘವಾಗುತ್ತದೆ, ಮರ ಹೋಗಿ ಮಾರ ಆಗುತ್ತದೆ, ಬಲ ಹೋಗಿ ಬಾಲ ಆಗುತ್ತದೆ. ಅದರ ಬದಲು ಪ್ರತಿಸಲ ಮೊದಲಿಂದ ಸೇರಿಸಿಕೊಂಡು ಬರಲಿ: ಗು, ಗುಲಾ, ಗುಲಾಬಿ. ಒಂದು ಕಾಗದದ ಚೂರಿನಿಂದ ಉಳಿದದ್ದನ್ನು ಮುಚ್ಚಿ, ಒಂದೊಂದೇ ಅಕ್ಷರ ತೆರೆಯುತ್ತಾ ಹೋಗಿ.

ಇದು ಬಾಯಿಯ ಆಟವಾಗಿಯೂ ಆಗಬಹುದು. ನೀವು 'ಕು, ದು, ರೆ' ಎಂದು ಬಿಡಿಸಿ ಹೇಳಿ, ಮಗು ಪದ ಹೇಳಲಿ. ನಡೆಯುವಾಗ, ಬಟ್ಟೆ ಮಡಚುವಾಗ, ಯಾವಾಗ ಬೇಕಾದರೂ ಆಡಬಹುದು. ಬಾಯಲ್ಲಿ ಕೂಡಿಸಲು ಬಂದ ಮಗುವಿಗೆ ಹಾಳೆಯ ಮೇಲೆ ಕೂಡಿಸುವುದು ಕಷ್ಟವಾಗುವುದಿಲ್ಲ.

ಉದ್ದ ಪದಗಳದ್ದು ಬೇರೆ ಕಥೆ. ನಮ್ಮ ಭಾಷೆಯಲ್ಲಿ ಮನೆ ಎಂಬುದು ಮನೆಯಿಂದ, ಮನೆಗಳಿಗೆ, ಮನೆಯವರೂ ಎಂದು ಬೆಳೆಯುತ್ತಾ ಹೋಗುತ್ತದೆ. ಮಗು ಹೆದರುವುದು ಉದ್ದಕ್ಕೆ. ಮೊದಲು ಮೂಲ ಪದದ ಕೆಳಗೆ ಗೆರೆ ಎಳೆದು ಕೊಡಿ, ಅದನ್ನು ಓದಲಿ, ಆಮೇಲೆ ಬಾಲ ಸೇರಿಸಲಿ. ಗಳು, ದಿಂದ, ಗೆ, ಯಲ್ಲಿ ಇಂಥವು ನೂರು ಸಲ ಬರುವುದರಿಂದ ಬೇಗ ಕಣ್ಣಿಗೆ ಹತ್ತುತ್ತವೆ.

ಚಿತ್ರ ನೋಡಿ ಊಹೆ ಮಾಡಿ ಹೇಳುತ್ತಾಳೆ. ಬಿಡಬಹುದಾ?

ಕಥೆ ಸವಿಯುವಾಗ ಧಾರಾಳವಾಗಿ ನೋಡಲಿ. ಓದು ಕಲಿಯುವ ಹತ್ತು ನಿಮಿಷದಲ್ಲಿ ಮಾತ್ರ ಚಿತ್ರ ಮುಚ್ಚಿಡಿ, ಓದಿದ ಮೇಲೆ ತೋರಿಸಿ. ಆಗ ಚಿತ್ರವೇ ಉತ್ತರ ಸರಿಯಾ ಅಂತ ನೋಡಿಕೊಳ್ಳುವ ಜಾಗವಾಗುತ್ತದೆ.

ಮನೆ ಎಂದು ಬರೆದಿದ್ದನ್ನು 'ಮನಿ' ಎಂದು ಓದುತ್ತಾನೆ. ತಿದ್ದಬೇಕಾ?

ಮನೆಯಲ್ಲಿ ನೀವು ಮನಿ, ತಲಿ, ಎಲಿ ಎಂದೇ ಮಾತಾಡುವವರಾದರೆ ಅದು ಓದಿನ ತಪ್ಪಲ್ಲ. ಉತ್ತರ ಕರ್ನಾಟಕದ ಕಡೆ ಪದದ ಕೊನೆಯ ಎ ಇಕಾರವಾಗುತ್ತದೆ. ಮಗು ಪದವನ್ನು ಸರಿಯಾಗಿ ಗುರುತಿಸಿ ತನ್ನ ಬಾಯಲ್ಲಿ ಹೇಳಿದೆ. ಬೇಡ ಎಂಬುದನ್ನು ಬ್ಯಾಡ, ಮೇಲೆ ಎಂಬುದನ್ನು ಮ್ಯಾಲೆ, ಕುದುರೆಯನ್ನು ಕುದ್ರೆ, ಹಾಲನ್ನು ಆಲು ಅನ್ನುವ ಮಕ್ಕಳದ್ದೂ ಇದೇ ಕಥೆ.

ಇಲ್ಲಿ ತಪ್ಪು ಎಂದು ತಲೆಯ ಮೇಲೆ ಮೊಟಕುವುದು ನನಗೆ ಬಹಳ ನೋವಿನ ವಿಷಯ. ಅಮ್ಮ ಅಜ್ಜಿ ಆಡುವ ಮಾತೇ ತಪ್ಪು ಎಂದು ಹೇಳಿದ ಹಾಗಾಗುತ್ತದೆ, ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. 'ನಾವು ಮನಿ ಅಂತೀವಿ, ಪುಸ್ತಕದಲ್ಲಿ ಮನೆ ಅಂತ ಬರೀತಾರೆ, ಕೊನೇಲಿ ಎತ್ವ ಇದೆ ನೋಡು' ಎಂದು ಹೇಳಿದರೆ ಎರಡೂ ಉಳಿಯುತ್ತವೆ. ಬರೆಯುವಾಗ ಮಾತ್ರ ಪುಸ್ತಕದ ರೂಪ ರೂಢಿ ಮಾಡಿಸಿ.

ಹಾಗಂತ ಎಲ್ಲವನ್ನೂ ಆಡುಮಾತು ಎಂದು ಬಿಡಬೇಡಿ. ಅದೇ ಮಗು 'ಕೆರೆ' ಎಂಬುದನ್ನು 'ಕಿರಿ' ಎಂದು ಓದಿದರೆ ಮೊದಲಕ್ಷರದ ಎತ್ವ ಗುಡಿಸಾಗಿ ಕಂಡಿರಬಹುದು. ಮಾತಾಡುವಾಗ ಆ ಪದವನ್ನು ಹೇಗೆ ಹೇಳುತ್ತದೆ ಎಂದು ಕೇಳಿಸಿಕೊಂಡರೆ ಗೊತ್ತಾಗುತ್ತದೆ.

ಒತ್ತಕ್ಷರ ಯಾವಾಗ? ಸ್ವರ ಮತ್ತು ಒತ್ತು ಎರಡೂ ಬಂದರೆ ಗಲಿಬಿಲಿಯಾಗುತ್ತದೆ.

ಅಮ್ಮ, ಅಪ್ಪ, ಅಕ್ಕ, ಬೆಕ್ಕು ಮೊದಲ ದಿನದಿಂದಲೇ ಕಣ್ಣಿಗೆ ಬೀಳುವ ಪದಗಳು, ಅವನ್ನು ಇಡಿಯಾಗಿ ಗುರುತಿಸಲು ಬಿಡಿ. ಪಾಠವಾಗಿ ಒತ್ತಕ್ಷರ ತರುವುದು ಮೊದಲ ನಾಲ್ಕು ಚಿಹ್ನೆ ಮತ್ತು ಉಳಿದ ದೀರ್ಘಗಳು ಬಂದ ಮೇಲೆ. ಮೊದಲು ಸಜಾತಿ ಒತ್ತು: ಅಕ್ಕಿ, ಹಕ್ಕಿ, ಬೆಟ್ಟ, ಬೆಲ್ಲ. ಇವು ಸುಲಭ, ಯಾಕೆಂದರೆ ಮೇಲೂ ಕೆಳಗೂ ಅದೇ ಅಕ್ಷರ.

ತೊಂದರೆ ಇರುವುದು ಆಸ್ತಿ, ಕುಸ್ತಿ ಥರದ ಪದಗಳಲ್ಲಿ. ಆಸ್ತಿ ಎಂಬುದನ್ನು ಮಗುವಿನ ಕಣ್ಣಿಂದ ನೋಡಿ. ಗುಡಿಸು ಕೂತಿರುವುದು ಸ ಮೇಲೆ. ಕೆಳಗೆ ತ ಒತ್ತು, ಅದಕ್ಕೆ ಯಾವ ಚಿಹ್ನೆಯೂ ಇಲ್ಲ. ಹಾಗಾಗಿ ಮಗು 'ಆಸಿತ' ಎಂದು ಓದುತ್ತದೆ. ಇಷ್ಟು ದಿನ ಕಲಿತಿದ್ದನ್ನೇ ಅದು ಪ್ರಾಮಾಣಿಕವಾಗಿ ಪಾಲಿಸಿದೆ! ನಾವು ಹೇಳಿಕೊಡಬೇಕಾದ ಹೊಸ ವಿಷಯ ಒಂದೇ: ಸ್ವರ ಮೇಲಿನ ಅಕ್ಷರದ ಮೇಲೆ ಕೂತಿದ್ದರೂ ಅದರ ಸದ್ದು ಕೊನೆಯಲ್ಲಿ, ಒತ್ತಿನ ನಂತರ ಬರುತ್ತದೆ. ಮೇಲಿನ ಅಕ್ಷರ ಅರ್ಧ, ಕೆಳಗಿನದು ಪೂರ್ತಿ, ಸ್ವರ ಕೊನೆಗೆ. ಸ್, ತ್, ಇ. ಬೆರಳನ್ನು ಸ ಮೇಲಿಟ್ಟು, ಕೆಳಗಿನ ತ ಗೆ ಇಳಿಸಿ, ಮತ್ತೆ ಮೇಲೆ ಗುಡಿಸಿಗೆ ತರಲಿ. ಆಸ್ತಿ, ಕುಸ್ತಿ, ರಾತ್ರಿ, ಭಕ್ತಿ, ಕತ್ರಿ ಹೀಗೆ ಒಂದು ವಾರ ಬೆರಳು ಓಡಾಡಿದರೆ ಕಣ್ಣು ತಾನೇ ಆ ದಾರಿ ಹಿಡಿಯುತ್ತದೆ.

ಓದುವುದರ ಜೊತೆಗೇ ಬರೆಸಬೇಕಾ?

ಸ್ವಲ್ಪ. ಕಾಗುಣಿತದ ಸಾಲನ್ನು ಹತ್ತು ಸಲ ನಕಲು ಮಾಡಿಸುವುದರಿಂದ ಕೈ ನೋಯುತ್ತದೆ, ಅಷ್ಟೇ. ಮೂರು ನಾಲ್ಕು ಪದ ನೀವು ಹೇಳಿ, ಅದು ಕೇಳಿ ಬರೆಯಲಿ. ಕೇಳಿದ ಸದ್ದಿಗೆ ತಾನೇ ಚಿಹ್ನೆ ಹುಡುಕಬೇಕಾದಾಗ ಕಲಿಕೆ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ಚಿಹ್ನೆಗಳನ್ನು ಅಕ್ಷರಕ್ಕೆ ಅಂಟಿಸುವ ಆಟಿಕೆಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕನ್ನಡದಲ್ಲಿ ಚಿಹ್ನೆ ಅಕ್ಷರದೊಳಗೆ ಬೆರೆತುಹೋಗುತ್ತದೆ, ಕ ಮೇಲೆ ಗುಡಿಸು ಅಂಟಿಸಿದರೆ ಅದು ಪುಸ್ತಕದಲ್ಲಿರುವ ಕಿ ಥರ ಕಾಣುವುದಿಲ್ಲ. ಸ್ಲೇಟು ಬಳಪ ವಾಸಿ.

ದಿನಕ್ಕೆ ಎಷ್ಟು ಹೊತ್ತು? ಎಷ್ಟರಲ್ಲಿ ಮುಗಿಯಬೇಕು?

ಹತ್ತರಿಂದ ಹದಿನೈದು ನಿಮಿಷ, ದಿನವೂ. ಭಾನುವಾರ ಎರಡು ಗಂಟೆ ಕೂರಿಸುವುದು ಬೇಡ. ಒಂದು ಚಿಹ್ನೆಗೆ ಒಂದು ವಾರವೂ ಆಗಬಹುದು, ಮೂರು ವಾರವೂ ಆಗಬಹುದು. ಹಿಂದಿನ ಚಿಹ್ನೆಯ ಪದಗಳು ಪ್ರತಿದಿನ ಮತ್ತೆ ಬರುತ್ತಿರಲಿ.

ಪಕ್ಕದ ಮನೆಯ ಮಗು ಇಂಗ್ಲಿಷ್ ಅಕ್ಷರಗಳನ್ನು ಎರಡೇ ತಿಂಗಳಲ್ಲಿ ಕಲಿಯಿತು ಎಂದು ಹೋಲಿಸಬೇಡಿ. ಅಲ್ಲಿ 26 ಅಕ್ಷರ, ಇಲ್ಲಿ ನೂರಾರು ರೂಪ. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಕೂಡ ಇದನ್ನೇ ತೋರಿಸಿತು: ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಆಮೇಲೂ ಮುಂದುವರಿಯುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆಯೂ ಅರ್ಥ ಮಾಡಿಕೊಂಡು ಓದುವ ಗುರಿಯನ್ನು ಮೂರನೇ ತರಗತಿಯ ಕೊನೆಗೆ ಇಟ್ಟಿದೆ, ಒಂದನೇ ತರಗತಿಗಲ್ಲ. ಯುಕೆಜಿ ಮಗುವಿಗೆ ಔ ಕಾರ ಬರಲಿಲ್ಲ ಎಂದು ನಿದ್ದೆಗೆಡುವುದು ಬೇಡ.

ಇಂಗ್ಲಿಷ್‌ನಲ್ಲಿ ಎರಡು ಸ್ವರ ಅಕ್ಕಪಕ್ಕ ಬಂದರೆ ಹೇಗೆ ಓದಿಸುವುದು?

ಕನ್ನಡ ಚೆನ್ನಾಗಿ ಕಲಿತ ಮಗುವಿಗೆ ಇಲ್ಲೊಂದು ತೊಡಕು ಕಾದಿರುತ್ತದೆ. ಕನ್ನಡದಲ್ಲಿ ಕಂಡಿದ್ದಕ್ಕೆಲ್ಲ ಸದ್ದಿದೆ. ಇಂಗ್ಲಿಷ್‌ನಲ್ಲಿ ಎರಡು ಸ್ವರಾಕ್ಷರ ಸೇರಿ ಒಂದೇ ಸದ್ದು ಕೊಡುತ್ತವೆ. ರೇನ್ (rain) ಎಂಬ ಪದದಲ್ಲಿ ನಡುವೆ ಎ, ಐ ಎರಡು ಅಕ್ಷರ, ಸದ್ದು ಒಂದೇ. ಮಗು ಅದನ್ನು ಬಿಡಿಸಿ ಓದುತ್ತದೆ. 'ಈ ಎರಡು ಅಕ್ಷರ ಸೇರಿ ಒಂದು ಸದ್ದು' ಎಂದು ಕೆಳಗೆ ಒಂದೇ ಗೆರೆ ಎಳೆದು ತೋರಿಸಿ. ಒಂದು ಸಲಕ್ಕೆ ಒಂದೇ ಜೋಡಿ, ಅದರದ್ದೇ ಏಳೆಂಟು ಪದ.

ಎರಡು ಸ್ವರ ಬಂದರೆ ಮೊದಲನೆಯದರ ಹೆಸರು ಹೇಳಿದರೆ ಆಯಿತು ಎಂಬ ಸೂತ್ರ ಬಹಳ ಕಡೆ ಕಲಿಸುತ್ತಾರೆ. ಅದನ್ನು ನಂಬಬೇಡಿ. ಅಮೆರಿಕದ ಸಂಶೋಧಕ ಥಿಯೋಡರ್ ಕ್ಲೈಮರ್ 1963ರಲ್ಲಿ ಮಕ್ಕಳ ಓದಿನ ಪುಸ್ತಕಗಳ ಪದಗಳ ಮೇಲೆ ಇದನ್ನು ಪರೀಕ್ಷಿಸಿದಾಗ ಅದು ಸರಿಹೋಗಿದ್ದು ಶೇ. 45ರಷ್ಟು ಪದಗಳಿಗೆ ಮಾತ್ರ. ಇ ಮತ್ತು ಎ (ea) ಜೋಡಿಯನ್ನೇ ನೋಡಿ: ಟೀ (tea) ಪದದಲ್ಲಿ ಅದರ ಸದ್ದು ಈ, ಬ್ರೆಡ್ (bread) ಪದದಲ್ಲಿ ಎ, ಗ್ರೇಟ್ (great) ಪದದಲ್ಲಿ ಏ. ಎರಡು ಓ ಬಂದರೆ ಮೂನ್ ಪದದಲ್ಲಿ ದೀರ್ಘ, ಬುಕ್ ಪದದಲ್ಲಿ ಹ್ರಸ್ವ. ಸೂತ್ರಕ್ಕಿಂತ ಪದಗಳ ಗುಂಪೇ ಮೇಲು.

ನಮ್ಮ ಮನೆಮಾತು ಕನ್ನಡವಲ್ಲ, ನನಗೆ ಓದಲೂ ಬರುವುದಿಲ್ಲ. ನಾನು ಹೇಗೆ ಸಹಾಯ ಮಾಡಲಿ?

ಮಗುವಿನ ಜೊತೆಗೇ ಕಲಿಯಿರಿ. ವಾರಕ್ಕೊಂದು ಚಿಹ್ನೆ ನಿಮಗೇನೂ ಭಾರವಲ್ಲ, ಅಮ್ಮನಿಗೆ ಕಲಿಸುವುದು ಎಂದರೆ ಮಗುವಿಗೂ ಹುರುಪು. ಇಲ್ಲಿ ಓದಿಗಿಂತ ಮಾತು ಮುಖ್ಯ. ಬೇಳೆ ಎಂಬ ಪದವನ್ನೇ ಕೇಳದ ಮಗು ಅದನ್ನು ಸರಿಯಾಗಿ ಓದಿದರೂ ಅದು ಸರಿ ಎಂದು ತಿಳಿಯುವುದು ಹೇಗೆ? ಕನ್ನಡದ ಕಥೆ, ಹಾಡು, ಆಟದ ಮಾತು ಕಿವಿಗೆ ಬೀಳಲಿ. ಓದಿಸುವ ಪದಗಳು ಮಗುವಿಗೆ ಅರ್ಥ ಗೊತ್ತಿರುವವೇ ಆಗಿರಲಿ.

ಯಾವಾಗ ಬೇರೆಯವರ ಸಹಾಯ ಕೇಳಬೇಕು?

ಮೊದಲು ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ. ಗುಡಿಸು ಮತ್ತು ಎತ್ವದ ವ್ಯತ್ಯಾಸ ಕೂದಲೆಳೆಯಷ್ಟು, ದೃಷ್ಟಿ ಸ್ವಲ್ಪ ಮಂದವಾದರೂ ಕಾಣುವುದಿಲ್ಲ. ಅವೆರಡೂ ಸರಿಯಿದ್ದು, ತಿಂಗಳುಗಟ್ಟಲೆ ದಿನವೂ ಓದಿಸಿದ ಮೇಲೂ ನಿನ್ನೆ ಬಂದ ಅಕ್ಷರ ಇಂದು ಪೂರ್ತಿ ಮರೆತುಹೋಗುತ್ತಿದ್ದರೆ, ಬಾಯಲ್ಲಿ ಬಿಡಿಸಿ ಹೇಳಿದ ಪದವನ್ನೂ ಕೂಡಿಸಲು ಬರದಿದ್ದರೆ, ಎರಡನೇ ತರಗತಿ ಮುಗಿಯುತ್ತಾ ಬಂದರೂ ಹಾಲು, ಕಿವಿಯಂಥ ಪದ ಕಷ್ಟವಾಗುತ್ತಿದ್ದರೆ ಕಾಯಬೇಡಿ. ಶಾಲೆಯಲ್ಲಿ ಮಾತಾಡಿ, ಮಕ್ಕಳ ವೈದ್ಯರ ಮೂಲಕ ಕಲಿಕೆಯ ತೊಂದರೆಗಳನ್ನು ಪರೀಕ್ಷಿಸುವ ತಜ್ಞರನ್ನು ನೋಡಿ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹಕ್ಕೆ ಅಡ್ಡಿಯಾಗುವ ಕಲಿಕೆಯ ತೊಂದರೆ, ಇದ್ದರೆ ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಗಳೂ ಸೇರಿವೆ.

ಹೋಗುವಾಗ ಒಂದು ಹಾಳೆಯಲ್ಲಿ ಮಗು ಯಾವ ಪದವನ್ನು ಏನೆಂದು ಓದಿತು ಎಂದು ಹತ್ತಿಪ್ಪತ್ತು ಉದಾಹರಣೆ ಬರೆದುಕೊಂಡು ಹೋಗಿ. 'ಸರಿಯಾಗಿ ಓದಲ್ಲ' ಅನ್ನುವ ಮಾತಿಗಿಂತ 'ಆಸ್ತಿಯನ್ನು ಆಸಿತ ಎಂದು ಓದಿದ' ಎನ್ನುವ ಒಂದು ಸಾಲು ತಜ್ಞರಿಗೆ ಜಾಸ್ತಿ ಹೇಳುತ್ತದೆ.